ಮುದಿ ನಾಯಿಗೆ ಕಿಡ್ನಿ ಕಾಯಿಲೆ: ಮನೆಯಲ್ಲೇ ಸಲೈನ್, ತಟ್ಟೆಯಲ್ಲಿ ಅನ್ನ

ಹತ್ತು ವರ್ಷ ದಾಟಿದ ನಾಯಿ ಬಟ್ಟಲುಗಟ್ಟಲೆ ನೀರು ಕುಡಿದು ರಾತ್ರಿಯೆಲ್ಲ ಟೈಲ್ಸ್ ಮೇಲೆ ಉಚ್ಚೆ ಹೊಯ್ಯತೊಡಗಿದರೆ, ಮುಂಬೈ ಫ್ಲ್ಯಾಟುಗಳಲ್ಲಿ ಜನ ಮೊದಲು ಮಾಡುವ ಕೆಲಸ ನೀರಿನ ಬಟ್ಟಲು ಎತ್ತಿಡುವುದು. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಕಿಡ್ನಿ ಕೆಟ್ಟಾಗ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ಮೈಯ ನೀರು ಸೋರಿಹೋಗುತ್ತದೆ, ಅದಕ್ಕೇ ಅಷ್ಟು ಬಾಯಾರಿಕೆ. ಬಟ್ಟಲು ಎತ್ತಿಟ್ಟರೂ ಉಚ್ಚೆ ನಿಲ್ಲದು, ಬೆಳಗಾಗುವಷ್ಟರಲ್ಲಿ ನಾಯಿ ಒಣಗಿರುತ್ತದೆ. ಎರಡು ಬಟ್ಟಲಿಡಿ, ಕಾಲು ಜಾರದಂತೆ ರಬ್ಬರ್ ಮ್ಯಾಟ್ ಹಾಸಿ.

ಸಕ್ಕರೆ ಕಾಯಿಲೆಯಲ್ಲೂ ಇದೇ ಲಕ್ಷಣ, ಹಾಗಾಗಿ ಊಹೆ ಬೇಡ. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಶ್ಮಲ), ಫಾಸ್ಫರಸ್, ರಕ್ತದೊತ್ತಡ, ಮೂತ್ರದ ಸಾಂದ್ರತೆ, ಜತೆಗೆ ಉಣ್ಣಿ ಕಚ್ಚಿ ಬರುವ ಜ್ವರದ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಕೈಬಿಟ್ಟಿರುತ್ತದೆ.

ಇನ್ನು ಸಲೈನ್, ಅಂದರೆ ಸೋರಿಹೋದ ನೀರು ತುಂಬಲು ಚರ್ಮದಡಿ ಹಾಕುವ ಉಪ್ಪುನೀರು. ಮುಂಬೈ ಹೊರವಲಯದ ಡೊಂಬಿವಲಿಯಿಂದ ನಗರದೊಳಗಿನ ಪರೇಲಿನ ಪ್ರಾಣಿ ಆಸ್ಪತ್ರೆಗೆ ದಿನಾ ಹೊತ್ತೊಯ್ದರೆ ಮುದಿಜೀವ ದಾರಿಯಲ್ಲೇ ಅರ್ಧ ಸೋಲುತ್ತದೆ. ಡಾಕ್ಟರು ಒಪ್ಪಿದರೆ ಒಮ್ಮೆ ಅವರೆದುರೇ ಕೈಯಾರೆ ಹಾಕಿ ಕಲಿತುಬಿಡಿ. ಸಾಮಾನ್ಯವಾಗಿ ಬರೆದುಕೊಡುವುದು ರಿಂಗರ್ ಲ್ಯಾಕ್ಟೇಟ್, 500 ಮಿ.ಲೀ. ಬಾಟಲಿ. ಗ್ಲೂಕೋಸ್ ಬಾಟಲಿಯನ್ನು ಚರ್ಮದಡಿ ಹಾಕಬಾರದು. ಪ್ರಮಾಣ ಡಾಕ್ಟರು ಹೇಳಿದಷ್ಟೇ, 10 ಕೆ.ಜಿ. ನಾಯಿಗೆ ಒಮ್ಮೆಗೆ 100ರಿಂದ 200 ಮಿ.ಲೀ. ವಾಡಿಕೆ. ಎಲ್ಲಿಗೆ ನಿಲ್ಲಿಸಬೇಕೆಂದು ಬಾಟಲಿ ಮೇಲೆ ಮೊದಲೇ ಪೆನ್ನಿನಿಂದ ಗೆರೆ ಎಳೆದಿಡಿ.

ಬಾಟಲಿಯನ್ನು ಬೆಚ್ಚನೆಯ ನೀರಿನ ಬಕೆಟ್ಟಿನಲ್ಲಿಟ್ಟು ಮೈಬಿಸಿಗೆ ತನ್ನಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ತಣ್ಣಗಿದ್ದರೆ ನಾಯಿ ನಡುಗುತ್ತದೆ, ಮರುದಿನ ಬಾಟಲಿ ಕಂಡರೇ ಮಂಚದಡಿ ಸೇರುತ್ತದೆ. ಕಿಟಕಿಯ ಗ್ರಿಲ್‌ಗೆ, ನಾಯಿಗಿಂತ ಮೂರು–ನಾಲ್ಕು ಅಡಿ ಎತ್ತರದಲ್ಲಿ ತೂಗುಹಾಕಿ ಕೊಳವೆಯ ಗಾಳಿ ಹೊರಬಿಡಿ. ಭುಜದ ಮೂಳೆಗಳ ನಡುವಿನ ಸಡಿಲ ಚರ್ಮವನ್ನು ಟೆಂಟಿನಂತೆ ಎತ್ತಿ, ಹೊಸ 18 ಗೇಜ್ ಸೂಜಿಯನ್ನು ಆ ಮಡಿಕೆಯ ಬುಡಕ್ಕೆ ಬೆನ್ನಿಗೆ ಸಮಾಂತರವಾಗಿ ಚುಚ್ಚಿ. ತುಪ್ಪಳ ಒದ್ದೆಯಾದರೆ ಸೂಜಿ ಆಚೆಬದಿ ಹೊರಬಂದಿದೆ ಎಂದರ್ಥ. ಹರಿವು ನಿಂತರೆ ಸೂಜಿಯನ್ನು ತುಸು ತಿರುಗಿಸಿ. ಮುಗಿದ ಮೇಲೆ ಆ ಜಾಗವನ್ನು ಒಂದು ನಿಮಿಷ ಒತ್ತಿಹಿಡಿಯಿರಿ. ಕಿತ್ತಳೆಯಷ್ಟು ಗಡ್ಡೆಯೆದ್ದು ಮುಂಗಾಲಿನತ್ತ ಜಾರಿದರೆ ಗಾಬರಿ ಬೇಡ, ಕೆಲವು ಗಂಟೆಗಳಲ್ಲಿ ಕರಗುತ್ತದೆ.

ಮರುದಿನವೂ ಕರಗದಿದ್ದರೆ ಮುಂದಿನ ಸಲೈನ್ ಹಾಕಬೇಡಿ. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ಮೀರಿದರೂ, ಹೊಸದಾಗಿ ಕೆಮ್ಮು ಬಂದರೂ ನಿಲ್ಲಿಸಿ ಫೋನ್ ಮಾಡಿ. ಮುದಿ ನಾಯಿಗೆ ಹೃದಯವೂ ಸೋತಿದ್ದರೆ ಇದೇ ನೀರು ಶ್ವಾಸಕೋಶ ತುಂಬುತ್ತದೆ.

ಊಟದ ವಿಷಯದಲ್ಲಿ ನಮ್ಮವರಿಗೆ ಒಂದು ಕಿವಿಮಾತು. ರಾಗಿ ತಂಪು, ಒಳ್ಳೆಯದು ಎಂದು ಅಂಬಲಿ ಹೊಯ್ಯುತ್ತೇವೆ. ಆದರೆ ರಾಗಿಯಲ್ಲಿ ಬಿಳಿ ಅಕ್ಕಿಗಿಂತ ಫಾಸ್ಫರಸ್ ಹೆಚ್ಚು, ಸೋತ ಕಿಡ್ನಿಗೆ ಅದನ್ನು ಹೊರಹಾಕಲಾಗದು. ಮೆತ್ತಗೆ ಬೆಂದ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ, ಹೊಟ್ಟೆಗೆ ಒಗ್ಗಿದರೆ ಒಂದು ಚಮಚ ತುಪ್ಪ ಸಾಕು. ಮೊಟ್ಟೆಯ ಹಳದಿ, ಲಿವರ್, ಮೂಳೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ವಿಷ. ಕಿಡ್ನಿ ಕಾಯಿಲೆಯ ನಾಯಿಗೆಂದೇ ಬರುವ ಡಬ್ಬಿ ಆಹಾರ ತಿನ್ನುವುದಾದರೆ ಅದೇ ಮೇಲು, ಏಕೆಂದರೆ ಅನ್ನ–ಮೊಟ್ಟೆಯಲ್ಲಿ ವಿಟಮಿನ್, ಕ್ಯಾಲ್ಸಿಯಂ ಕೊರತೆ ಬೀಳುತ್ತದೆ. ಊಟದ ಫಾಸ್ಫರಸ್ ಮೈಗೆ ಸೇರದಂತೆ ಹಿಡಿಯುವ ಪುಡಿಯನ್ನು ಡಾಕ್ಟರು ಕೊಟ್ಟಿದ್ದರೆ ಅದನ್ನು ಊಟದಲ್ಲೇ ಕಲಸಬೇಕು, ಖಾಲಿ ಹೊಟ್ಟೆಗೆ ಕೊಟ್ಟರೆ ವ್ಯರ್ಥ. ಕಹಿ ಮಾತ್ರೆಯನ್ನು ಮಾತ್ರ ಇಡೀ ತಟ್ಟೆಗೆ ಬೆರೆಸಬೇಡಿ, ಆಮೇಲೆ ಆ ಅನ್ನವನ್ನೇ ಮೂಸುವುದಿಲ್ಲ. ಮನೆಯ ಡಬ್ಬಿಯ ನೋವಿನ ಮಾತ್ರೆಗಳನ್ನು, ಅರ್ಧವಾದರೂ, ಕೊಡಬೇಡಿ.

ಮಳೆಗಾಲದಲ್ಲಿ ನಿಂತ ನೀರಿನಲ್ಲಿ ನಡೆಸಬೇಡಿ. ಇಲಿಯ ಉಚ್ಚೆಯಿಂದ ಹರಡುವ ಲೆಪ್ಟೊ, ಅಂದರೆ ಇಲಿಜ್ವರ, ಕಿಡ್ನಿಗೇ ಬಡಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ.

ಕ್ಯಾಲೆಂಡರಿನಲ್ಲಿ ದಿನಾ ತೂಕ, ತಿಂದದ್ದು, ವಾಂತಿ ಬರೆಯಿರಿ. ಎರಡು ದಿನ ಏನನ್ನೂ ಮುಟ್ಟದೆ, ಬಾಯಿ ಹುಣ್ಣಾಗಿ, ಏಳಲೂ ಆಗದಿದ್ದರೆ ಆ ಹಾಳೆಯನ್ನೇ ಡಾಕ್ಟರ ಮುಂದಿಟ್ಟು ನೇರವಾಗಿ ಕೇಳಿ: ಇನ್ನೂ ಎಳೆಯುವುದೋ, ಕಳಿಸಿಕೊಡುವುದೋ? ಮನೆಗೇ ಬಂದು ಆ ದಯಾಮರಣದ ಇಂಜೆಕ್ಷನ್ ಕೊಡುವವರು ಯಾರೆಂದು ಮೊದಲೇ ವಿಚಾರಿಸಿಡಿ, ನಡುರಾತ್ರಿ ಹುಡುಕುವಂತಾಗಬಾರದು.