ಬಾವಿಯ ನೀರನ್ನು ಕೆಡದಂತೆ ಕಾಯ್ದುಕೊಂಡ ಬಗೆ

ಕುಡಿಯುವ ನೀರಿಗೆ ತೆರೆದ ಬಾವಿಯನ್ನೇ ನೆಚ್ಚಿಕೊಂಡಿರುವ ನಾನು, ಔಷಧಿ ಹಾಕಿ ನೀರನ್ನು ಶುದ್ಧಗೊಳಿಸುವುದಕ್ಕಿಂತ ಕೊಳೆ ಅದರೊಳಗೆ ಇಳಿಯದಂತೆ ತಡೆಯುವುದೇ ಮೊದಲ ಕೆಲಸವೆಂಬ ನಿಲುವಿಗೆ ಬಂದದ್ದು ಒಂದು ಮಳೆಗಾಲದ ನೀರಿನ ಪರೀಕ್ಷೆಯ ನಂತರ. ಕಣ್ಣಿಗೆ ತಿಳಿಯಾಗಿಯೇ ಇದ್ದ ಆ ನೀರಿನಲ್ಲಿ, ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ ಕಂಡುಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಅದು ಕಾಣಿಸಿಕೊಳ್ಳಲೇಬಾರದು.

ಕೊಳೆ ಎಲ್ಲಿಂದ ಬರುತ್ತಿದೆಯೆಂದು ಬಾವಿಕಟ್ಟೆಯ ಸುತ್ತ ಹುಡುಕಿದಾಗ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಸಿಮೆಂಟು ಬಿರುಕು ಬಿಟ್ಟಿರುವುದು ಕಾಣಿಸಿತು. ಅದರ ಮೇಲೆ ಒಂದು ಕೊಡ ನೀರು ಸುರಿದು ಬಾವಿಯೊಳಗೆ ಟಾರ್ಚ್ ಬೆಳಕು ಹಾಯಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಒಳಗೋಡೆಯ ಕಲ್ಲುಸಂದಿಯಿಂದ ನೀರು ಜಿನುಗಿ ಕೆಳಗಿಳಿಯತೊಡಗಿತು. ಕಾಲು ತೊಳೆದ ನೀರು, ಹಕ್ಕಿಗಳ ಹಿಕ್ಕೆ ಕರಗಿದ ಮಳೆನೀರು ಎಲ್ಲವೂ ಇದೇ ದಾರಿ ಹಿಡಿದಿದ್ದವು. ಬಿರುಕನ್ನು ಕೆತ್ತಿ ಗಾರೆ ತುಂಬಿಸಿ, ಕಟ್ಟೆಯ ಸುತ್ತಲಿನ ನೆಲವನ್ನು ಹೊರಮುಖವಾಗಿ ಇಳಿಜಾರು ಮಾಡಿಸಿ, ಒಗೆಯುವ ಕಲ್ಲನ್ನು ದೂರಕ್ಕೆ ಸಾಗಿಸಿದೆ. ಹಗ್ಗ ಮತ್ತು ಕೊಡ ನೆಲಕ್ಕೆ ತಾಗದಂತೆ ಕೊಕ್ಕೆಯಲ್ಲಿ ತೂಗುಹಾಕುವುದು ಈಗ ರೂಢಿಯಾಗಿದೆ.

ಇಷ್ಟಾದ ಮೇಲೆಯೇ, ಕ್ಲೋರಿನ್ ಸೇರಿದ ಸುಣ್ಣದ ಪುಡಿಯಾದ ಬ್ಲೀಚಿಂಗ್ ಪೌಡರ್ ಬಳಸಿದೆ. ಒಳ್ಳೆಯ ಗುಣಮಟ್ಟದ ಪುಡಿ 1000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9400 ಲೀಟರ್ ಆಗುತ್ತದೆ. ಅದಕ್ಕೆ 24 ಗ್ರಾಂನಷ್ಟು ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಬಳಿಕ ಮೇಲಿನ ತಿಳಿಯನ್ನಷ್ಟೇ ಬಾವಿಗಿಳಿಸಿ, ಕೊಡವನ್ನು ಮೇಲೆಕೆಳಗೆ ಆಡಿಸಿ ಬೆರೆಸುತ್ತೇನೆ. ಕನಿಷ್ಠ ಒಂದು ಗಂಟೆ ನೀರು ಸೇದುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ರಾತ್ರಿಯೇ ಅನುಕೂಲ. ನೀರು ಕೆಸರಿನಿಂದ ರಾಡಿಯಾಗಿದ್ದರೆ ಕ್ಲೋರಿನ್ನಿನ ಶಕ್ತಿ ಆ ಕೆಸರಿಗೇ ವ್ಯಯವಾಗುತ್ತದೆ.

ಆದರೆ ಕ್ಲೋರಿನ್ ಗೊಬ್ಬರದಿಂದ ನೀರಿಗಿಳಿಯುವ ನೈಟ್ರೇಟನ್ನಾಗಲಿ ಕೀಟನಾಶಕವನ್ನಾಗಲಿ ತೆಗೆಯಲಾರದು, ನೈಟ್ರೇಟಂತೂ ಕುದಿಸಿದರೂ ಹೋಗದು. ಹಸುಗೂಸುಗಳ ಮಟ್ಟಿಗೆ ಅದು ನಿಜಕ್ಕೂ ಅಪಾಯಕಾರಿ. ಆದ್ದರಿಂದ ಗೊಬ್ಬರದ ಗುಂಡಿಯನ್ನು ಬಾವಿಗಿಂತ ತಗ್ಗಿನಲ್ಲಿರುವ ಜಾಗಕ್ಕೆ ಬದಲಾಯಿಸಿದೆ, ಔಷಧಿ ಸಿಂಪಡಿಸುವ ಪಂಪನ್ನು ಬಾವಿಯ ಹತ್ತಿರ ತೊಳೆಯಲು ಯಾರಿಗೂ ಬಿಡುವುದಿಲ್ಲ.