ಸಂಘದ ಗೂಗಲ್ ಡೇಟಾಗೆ ನಾನೇ ಮಾಡಿದ ಬ್ಯಾಕಪ್: ನನ್ನ ಅನುಭವ

ಚಿಕ್ಕಮಗಳೂರಿನ ಒಂದು ಸಹಕಾರ ಸಂಘದ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ಗೂಗಲ್ ವರ್ಕ್‌ಸ್ಪೇಸ್ (ಸಂಸ್ಥೆಗಳಿಗೆ ಗೂಗಲ್ ಕೊಡುವ ಮೇಲ್, ಡ್ರೈವ್ ಸೇವೆ), 22 ಅಕೌಂಟ್, ಮೇಲ್ ಮತ್ತು ಡ್ರೈವ್ ಸೇರಿ ಸುಮಾರು 600 ಜಿಬಿ. ಬ್ಯಾಕಪ್ ಬೇಕು ಅಂತ ಎಷ್ಟು ಸಲ ಹೇಳಿದರೂ ಸೆಕ್ರೆಟರಿಯವರದು ಒಂದೇ ಮಾತು: "ಗೂಗಲ್‌ನಲ್ಲೇ ಇದೆಯಲ್ಲ, ಇನ್ನೊಂದು ಕಾಪಿ ಯಾಕ್ರೀ?" ಬ್ಯಾಕಪ್ ಮಾಡಿಕೊಡಲು ಬೆಂಗಳೂರಿನ ಒಬ್ಬರು ಒಂದು ಅಕೌಂಟಿಗೆ ತಿಂಗಳಿಗೆ 250 ರೂಪಾಯಿ ಹೇಳಿದರು, ಅಂದರೆ ವರ್ಷಕ್ಕೆ 66 ಸಾವಿರ. ಆಡಳಿತ ಮಂಡಳಿ ಒಪ್ಪಲಿಲ್ಲ. ನಾನೇ ಮಾಡ್ತೀನಿ ಅಂದೆ. ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಇದೆಲ್ಲ ಆಗಲ್ಲ ಅಂತ ಇದೇ ಕೆಲಸದ ಇಬ್ಬರು ಗೆಳೆಯರೂ ಹೇಳಿದ್ದರು. ಆಗಿದೆ. 14 ತಿಂಗಳಿಂದ ಓಡುತ್ತಿದೆ.

ಮೂರು ಪುಕ್ಕಟೆ ಸಾಫ್ಟ್‌ವೇರ್: ಡ್ರೈವ್ ಫೈಲ್ ಇಳಿಸಲು ಆರ್‌ಕ್ಲೋನ್, ಮೇಲ್ ಇಳಿಸಲು ಗಾಟ್ ಯುವರ್ ಬ್ಯಾಕ್, ಇಳಿದ ಎರಡನ್ನೂ ದಿನದಿನದ ಪ್ರತಿಯಾಗಿ ಕಾಪಾಡಲು ರೆಸ್ಟಿಕ್. ಒಬ್ಬೊಬ್ಬರ ಪಾಸ್‌ವರ್ಡ್ ಕೇಳದೆ ಎಲ್ಲರ ಡೇಟಾ ಓದಲು ಇವಕ್ಕೆ ಗೂಗಲ್‌ನಲ್ಲಿ ಅನುಮತಿ (ಸರ್ವಿಸ್ ಅಕೌಂಟ್, ಡೆಲಿಗೇಶನ್) ಕೊಡಬೇಕು.

ಮೊದಲು ರೆಸ್ಟಿಕ್ ಇರಲಿಲ್ಲ. ರಾತ್ರಿ ಆರ್‌ಕ್ಲೋನ್ ಸಿಂಕ್ (ಡ್ರೈವ್‌ನಲ್ಲಿ ಇರುವಂತೆಯೇ ಡಿಸ್ಕ್‌ನಲ್ಲೂ ಮಾಡುವುದು) ಹಾಕಿ ಬ್ಯಾಕಪ್ ಆಯ್ತು ಅಂದುಕೊಂಡಿದ್ದೆ. ಒಂದು ದಿನ ಯಾರೋ ಸಾಲದ ಅರ್ಜಿಗಳ ಫೋಲ್ಡರ್ ಅಳಿಸಿದರು, ಆ ರಾತ್ರಿಯೇ ನನ್ನ ಡಿಸ್ಕ್‌ನಲ್ಲೂ ಅಳಿಸಿಹೋಯಿತು. ಅಳಿಸಿದ್ದು ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದಲ್ಲ, ಹಾಗಾಗಿ ಉಳಿಯಿತು. ಅವತ್ತೇ ರೆಸ್ಟಿಕ್ ಹಾಕಿದೆ. ಈಗ ದಿನದ್ದು 7, ವಾರದ್ದು 4, ತಿಂಗಳದ್ದು 12 ಸ್ನ್ಯಾಪ್‌ಶಾಟ್ (ಆ ಹೊತ್ತಿಗೆ ಡೇಟಾ ಹೇಗಿತ್ತೋ ಹಾಗೆ ಉಳಿಸಿದ ಪ್ರತಿ) ಇಡುತ್ತೇನೆ.

ಜಾಸ್ತಿ ಕಾಡಿದ್ದು ಮಾತ್ರ ಕನ್ನಡದ ಫೈಲ್ ಹೆಸರುಗಳು. ನಮ್ಮ ಸಂಘದಲ್ಲಿ "2018-19ನೇ ಸಾಲಿನ ವಾರ್ಷಿಕ ಮಹಾಸಭೆಯ ನಡವಳಿ ಮತ್ತು ಸದಸ್ಯರ ಹಾಜರಾತಿ..." ಅಂತ ಒಂದು ಪ್ಯಾರಾದಷ್ಟು ಹೆಸರಿಡುತ್ತಾರೆ. ಡ್ರೈವ್ ಸುಮ್ನೆ ಒಪ್ಪಿಕೊಳ್ಳುತ್ತದೆ. ನನ್ನ ಡಿಸ್ಕ್‌ನಲ್ಲಿರುವುದು ಲಿನಕ್ಸ್ ಫೈಲ್ ಇಡುವ ಪದ್ಧತಿಯಾದ ಇಎಕ್ಸ್‌ಟಿ4, ಅದರಲ್ಲಿ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಅಕ್ಷರ, ಗುಣಿತದ ಗುರುತು, ಒತ್ತಕ್ಷರ ಮಾಡಲು ಬಳಸುವ ಹಲಂತ (್), ಎಲ್ಲಕ್ಕೂ 3 ಬೈಟ್. 85 ಗುರುತು ದಾಟಿದರೆ ಮುಗೀತು. 400ಕ್ಕೂ ಮೇಲೆ ಫೈಲ್‌ಗಳು ಕಾಪಿಯೇ ಆಗಿರಲಿಲ್ಲ, ಲಾಗ್‌ನ (ಸಾಫ್ಟ್‌ವೇರ್ ಬರೆದಿಡುವ ವರದಿಯ) ಕೊನೆಯ ಸಾಲು ಮಾತ್ರ ನೋಡುತ್ತಿದ್ದ ನನಗೆ ಮೂರು ವಾರ ಗೊತ್ತೇ ಆಗಲಿಲ್ಲ. ಹೆಸರು ಕತ್ತರಿಸಿ, ಮೂಲ ಹೆಸರನ್ನು ಬೇರೆ ಕಡೆ ಬರೆದಿಡುವ ಸಣ್ಣ ಸ್ಕ್ರಿಪ್ಟ್ ಬರೆದೆ. ಅದನ್ನು ಇಲ್ಲಿ ಹಾಕುವುದಿಲ್ಲ, ಅದಕ್ಕೆ ನನ್ನ ಎರಡು ಭಾನುವಾರ ಹೋಗಿವೆ.

ಇನ್ನೊಂದು ಗಮನಿಸಿ. ಗೂಗಲ್ ಶೀಟ್ ಎಕ್ಸೆಲ್ ಫೈಲ್ ಆಗಿ ಇಳಿಯುತ್ತದೆ. ಬೇರೆ ಶೀಟ್‌ನಿಂದ ಎಳೆಯುವ ಫಾರ್ಮುಲಾಗಳು ಕೆಲಸ ಮಾಡುವುದಿಲ್ಲ, ಕೊನೆಯ ಅಂಕಿ ಮಾತ್ರ ಉಳಿಯುತ್ತದೆ. ಲೆಕ್ಕದ ಶೀಟ್ ಇರುವವರು ಮೊದಲೇ ಒಂದು ತೆರೆದು ನೋಡಿ.

ಮಧ್ಯೆ ಮನೆಯಲ್ಲಿದ್ದ 2 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೂ ಓಡಿಸಿದೆ. ಕಾಪಿ ಚೆನ್ನಾಗಿಯೇ ಆಯಿತು, ಹಳೇ ಸ್ನ್ಯಾಪ್‌ಶಾಟ್ ಪ್ರೂನ್ ಮಾಡುವಾಗ (ಬೇಡದ್ದನ್ನು ತೆಗೆದುಹಾಕುವಾಗ) ಮೆಮೊರಿ ಸಾಲದೆ ನಿಂತುಬಿಟ್ಟಿತು. ಆಮೇಲೆ 7 ಸಾವಿರಕ್ಕೆ ಹಳೇ ಡೆಸ್ಕ್‌ಟಾಪ್ ತಂದೆ. 4 ಟಿಬಿ ಡಿಸ್ಕ್ ಎರಡಕ್ಕೆ 19 ಸಾವಿರ ಚಿಲ್ಲರೆ, ಯುಪಿಎಸ್‌ಗೆ 4 ಸಾವಿರ. ಒಟ್ಟು 30-31 ಸಾವಿರ, ಅದೂ ಒಂದೇ ಸಲ.

ಮೊದಲ ಕಾಪಿಗೆ ಹನ್ನೊಂದು ರಾತ್ರಿ ಬೇಕಾಯಿತು. ಜುಲೈ ತಿಂಗಳು, ಮಲೆನಾಡಿನ ಮಳೆ, ಮರ ಬಿದ್ದು ಎರಡು ದಿನ ಲೈನೇ ಇರಲಿಲ್ಲ. ಹಗಲು ಆಫೀಸಿನವರಿಗೆ ನೆಟ್ ಬೇಕಲ್ವಾ, ಆರ್‌ಕ್ಲೋನ್‌ಗೆ ಸಮಯ ನೋಡಿ ವೇಗ ಕಡಿಮೆ ಮಾಡುವ ಆಯ್ಕೆ ಇದೆ, ಅದನ್ನು ಹಾಕಿದೆ. ಎರಡನೇ ಡಿಸ್ಕ್ ಹಾಸನದ ಅಕ್ಕನ ಮನೆಯಲ್ಲಿದೆ. ಇಲ್ಲೇ ತುಂಬಿಸಿ ಬ್ಯಾಗ್‌ನಲ್ಲಿಟ್ಟುಕೊಂಡು ಬೇಲೂರು ದಾರಿಯ ಬಸ್ಸಿನಲ್ಲಿ ಒಯ್ದೆ, ಈಗ ರಾತ್ರಿ ಬದಲಾದದ್ದಷ್ಟೇ ಹೋಗುತ್ತದೆ. ರೆಸ್ಟಿಕ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುವುದರಿಂದ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವುದರಿಂದ) ಡಿಸ್ಕ್ ಯಾರ ಕೈಗೆ ಸಿಕ್ಕರೂ ಚಿಂತೆ ಇಲ್ಲ. ಆದರೆ ಪಾಸ್‌ವರ್ಡ್ ಕಳೆದರೆ ನಮಗೂ ಸಿಗುವುದಿಲ್ಲ. ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಸಂಘದ ತಿಜೋರಿಯಲ್ಲಿ ಇಡಿಸಿದ್ದೇನೆ.

ಕಳೆದ ವರ್ಷ ಒಬ್ಬ ಗುಮಾಸ್ತರು ನಿವೃತ್ತರಾದರು. ದುಡ್ಡು ಉಳಿಯಲಿ ಅಂತ ಆಫೀಸಿನವರು ಅವರ ಅಕೌಂಟ್ ಅಳಿಸಿದರು, ನನಗೆ ಹೇಳಲಿಲ್ಲ. ಅಳಿಸಿದ ಅಕೌಂಟನ್ನು 20 ದಿನದೊಳಗೆ ಮಾತ್ರ ವಾಪಸ್ ತರಬಹುದು. ಎರಡು ತಿಂಗಳಾದ ಮೇಲೆ ಆಡಿಟ್‌ನವರು ಗೊಬ್ಬರ ಖರೀದಿಯ ಮೇಲ್‌ಗಳನ್ನು ಕೇಳಿದರು. ಆ ಗುಮಾಸ್ತರ ಅಷ್ಟೂ ಮೇಲ್‌ಗಳನ್ನು ಬ್ಯಾಕಪ್‌ನಿಂದ ತೆಗೆದು ಸೆಕ್ರೆಟರಿಯವರ ಇನ್‌ಬಾಕ್ಸ್‌ಗೆ ಬೇರೆ ಲೇಬಲ್ ಹಾಕಿ ತಂದುಕೊಟ್ಟೆ. 40 ನಿಮಿಷ ಹಿಡಿಯಿತು. ಸೆಕ್ರೆಟರಿಯವರು ಒಂದೊಂದೇ ತೆರೆದು ನೋಡಿದರು, ಪ್ರಿಂಟ್ ತೆಗೆಸಿದರು, ಆಮೇಲೆ ಕೇಳಿದರು: "ಇನ್ನೊಂದು ಡಿಸ್ಕ್‌ಗೆ ಎಷ್ಟಾಗುತ್ತೆ?"