ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ: ಆತುರವಿಲ್ಲದೆ ನೋಡುವುದು ಹೇಗೆ?

ಮಂಡ್ಯದ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೊರಟವರ ಪಟ್ಟಿ ಹೆಚ್ಚುಕಡಿಮೆ ಒಂದೇ ಬಗೆಯದು: ಬೆಟ್ಟ, ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ. ಇವುಗಳ ನಡುವೆ ಮುಕ್ಕಾಲು ಗಂಟೆ ಉಳಿದರೆ ರೈಲ್ವೆ ವಸ್ತುಸಂಗ್ರಹಾಲಯ. ಆ ಮುಕ್ಕಾಲು ಗಂಟೆಯಲ್ಲಿ ಆಗುವುದು ಎಂಜಿನ್ ಮುಂದೆ ನಿಂತು ನಾಲ್ಕು ಫೋಟೊ, ಪುಟಾಣಿ ರೈಲಿನಲ್ಲಿ ಒಂದು ಸುತ್ತು, ಅಷ್ಟೇ. ಪಟ್ಟಿಯಲ್ಲಿರುವ ಉಳಿದೆಲ್ಲವನ್ನೂ ಇನ್ನೊಂದು ರಜೆಗೆ ತಳ್ಳಿ, ಈ ಒಂದು ಜಾಗಕ್ಕೇ ದಿನವನ್ನು ಮೀಸಲಿಡುವುದಾದರೆ ಹೇಗೆ ಸಿದ್ಧರಾಗಬೇಕು ಎಂಬುದು ಈ ಲೇಖನದ ವಿಷಯ.

ಹೊರಡುವ ಮುನ್ನ

ಮೈಸೂರಿನ ಈ ಸಂಗ್ರಹಾಲಯ 1979ರಲ್ಲಿ ಶುರುವಾಯಿತು. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದ ನಂತರ ದೇಶದಲ್ಲಿ ತೆರೆದ ಎರಡನೆಯದು ಇದು. ಇರುವುದು ಕೆ.ಆರ್.ಎಸ್. ರಸ್ತೆಯಲ್ಲಿ, ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿ.ಎಫ್.ಟಿ.ಆರ್.ಐ.) ಎದುರಿಗೆ. ಬಹುಪಾಲು ಬಯಲಿನಲ್ಲೇ ಇರುವುದರಿಂದ ದಿನದ ಆಯ್ಕೆ ಮುಖ್ಯ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಕಬ್ಬಿಣದ ಮೆಟ್ಟಿಲಿನ ಹಿಡಿ ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ದಸರಾ ವಾರದಲ್ಲಿ ಎಂಜಿನ್‌ಗಿಂತ ಎದುರು ನಿಂತವರ ಬೆನ್ನೇ ಹೆಚ್ಚು ಕಾಣುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಯಾವುದಾದರೂ ಬೆಳಗು ಒಳ್ಳೆಯದು. ವಾರದ ರಜೆ ಮತ್ತು ಪ್ರವೇಶ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಚೀಲದಲ್ಲಿ ನೀರು, ಟೋಪಿ, ಕೈ ಒರೆಸಲು ಹಳೆಯ ಬಟ್ಟೆ, ಜೊತೆಗೆ ದರ್ಜಿ ಬಳಸುವಂಥ ಅಳತೆ ಟೇಪು. ಟೇಪು ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಬೋಗಿಗಳಿಗೆ ಹತ್ತಿ ಇಳಿಯಬೇಕಾಗುವುದರಿಂದ ಚಪ್ಪಲಿಗಿಂತ ಬೂಟು ವಾಸಿ.

ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನು ಒಪ್ಪಿಸಿ ಕರೆದೊಯ್ಯಿರಿ. ಬೆಂಗಳೂರು–ಮೈಸೂರು ಮಾರ್ಗ ಬ್ರಾಡ್ ಗೇಜ್ (ಹಳಿಗಳ ನಡುವಿನ ಅಂತರ ಹೆಚ್ಚಿರುವ ಮಾರ್ಗ) ಆದದ್ದು 1990ರ ದಶಕದಲ್ಲಿ. ಅದಕ್ಕೂ ಮೊದಲು ಕಲ್ಲಿದ್ದಲ ಕಿಡಿ ಕಣ್ಣಿಗೆ ಬಿದ್ದು ಕಿಟಕಿ ಮುಚ್ಚಿಕೊಂಡವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಫಲಕದಲ್ಲಿ ಬರೆಯದ ಸಂಗತಿಗಳು ಅವರಲ್ಲಿ ಇವೆ. ಮನೆಯಲ್ಲಿ ಕೇಳಿದರೆ ‘ಅದರಲ್ಲೇನಿದೆ’ ಎನ್ನುವ ಅಜ್ಜ, ಎಂಜಿನ್ ಮುಂದೆ ನಿಂತರೆ ತಾವಾಗಿಯೇ ಮಾತು ಶುರು ಮಾಡುತ್ತಾರೆ.

ರೈಲಿನಲ್ಲೇ ಹೋಗಿ

ಕಾರಿದ್ದರೂ ಅಂದು ಬೇಡ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ.; ಸಂಗ್ರಹಾಲಯ ಮೈಸೂರು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಕಾಯ್ದಿರಿಸದ ಟಿಕೆಟ್ ಸಾಕು. ಆದರೆ 200 ಕಿ.ಮೀ. ಒಳಗಿನ ಇಂಥ ಟಿಕೆಟ್ ಕೊಂಡ ಮೇಲೆ ಮೂರು ಗಂಟೆಯೊಳಗೆ, ಇಲ್ಲವೇ ಮೊದಲ ರೈಲಿಗೆ, ಪ್ರಯಾಣ ಶುರು ಮಾಡಬೇಕೆಂಬ ನಿಯಮವಿದೆ. ಆದ್ದರಿಂದ ಸಂಜೆಯ ಟಿಕೆಟನ್ನು ಸಂಜೆಯೇ ಕೊಳ್ಳಿ.

ಮಂಡ್ಯದ ಪ್ಲಾಟ್‌ಫಾರ್ಮಿನಲ್ಲೇ ಮೊದಲ ಪಾಠ. ಬಂದ ಎಂಜಿನ್ನಿನ ಹಣೆ ಮೇಲಿನ ಅಕ್ಷರಗಳನ್ನು ಮಕ್ಕಳಿಗೆ ಬರೆದುಕೊಳ್ಳಲು ಹೇಳಿ. ‘ಡಬ್ಲ್ಯುಎಪಿ’ ಎಂದಿದ್ದರೆ ಡಬ್ಲ್ಯು ಎಂದರೆ ಬ್ರಾಡ್ ಗೇಜ್, ಎ ಎಂದರೆ ಎ.ಸಿ. ವಿದ್ಯುತ್, ಪಿ ಎಂದರೆ ಪ್ರಯಾಣಿಕರ ರೈಲಿನದು. ಪಿ ಜಾಗದಲ್ಲಿ ಜಿ ಇದ್ದರೆ ಗೂಡ್ಸ್‌ನದು, ಎ ಜಾಗದಲ್ಲಿ ಡಿ ಇದ್ದರೆ ಡೀಸೆಲ್. ಹಳೆಯ ಎಂಜಿನ್‌ಗಳಲ್ಲಿ ಮೊದಲ ಅಕ್ಷರ ವೈ ಆಗಿದ್ದರೆ ಮೀಟರ್ ಗೇಜ್, ಝಡ್ ಆಗಿದ್ದರೆ ನ್ಯಾರೋ ಗೇಜ್. ಇಷ್ಟು ಗೊತ್ತಿದ್ದರೆ ಸಂಗ್ರಹಾಲಯದ ಅರ್ಧದಷ್ಟು ಫಲಕಗಳನ್ನು ಓದುವ ಅಗತ್ಯವೇ ಬೀಳುವುದಿಲ್ಲ.

ಶ್ರೀರಂಗಪಟ್ಟಣ ಬಂದಾಗ ಮೊಬೈಲ್ ಕೆಳಗಿಡಿಸಿ. ರೈಲು ಕಾವೇರಿಯನ್ನು ದಾಟಿ ದ್ವೀಪಕ್ಕೆ ಇಳಿದು, ಮತ್ತೆ ದಾಟಿ ಆಚೆಗೆ ಹೋಗುತ್ತದೆ. ಜೋಡಿ ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಕೆಡವದೆ, ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದ್ದು ಇಲ್ಲೇ. ಇಂಥದ್ದೊಂದು ಕಥೆ ಹೇಳಿದರೆ ಮುಂದಿನ ನಿಲ್ದಾಣದವರೆಗೂ ಪ್ರಶ್ನೆಗಳು ನಿಲ್ಲುವುದಿಲ್ಲ.

ಒಳಗೆ ಹೋದ ಮೇಲೆ: ಮೊದಲು ಹಳಿ, ಆಮೇಲೆ ಎಂಜಿನ್

ಗೇಟು ದಾಟಿದ ಕೂಡಲೇ ಮಕ್ಕಳು ಪುಟಾಣಿ ರೈಲಿನ ಕಡೆಗೆ ಓಡುತ್ತಾರೆ. ತಡೆಯಬೇಡಿ. ಮೊದಲು ಅದು ಮುಗಿದರೆ ಆಮೇಲೆ ‘ಯಾವಾಗ, ಯಾವಾಗ’ ಎಂಬ ಕಾಟವಿರುವುದಿಲ್ಲ. ಬೆಳಿಗ್ಗೆ ಸಾಲೂ ಚಿಕ್ಕದು.

ಈಗ ಟೇಪು ಹೊರತೆಗೆಯಿರಿ. ಒಂದು ಹಳಿಯ ಒಳಅಂಚಿನಿಂದ ಇನ್ನೊಂದರ ಒಳಅಂಚಿಗೆ ಅಳೆಸಿ. ಸುಮಾರು 1000 ಮಿ.ಮೀ. ಬಂದರೆ ಮೀಟರ್ ಗೇಜ್. 762 ಬಂದರೆ ನ್ಯಾರೋ ಗೇಜ್. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಕೋಲಾರದ ಕಡೆಗೆ ಒಂದು ಕಾಲದಲ್ಲಿ ಓಡಿದ್ದು ಇಂಥ ರೈಲು. ನೀವು ಬೆಳಿಗ್ಗೆ ಬಂದ ಹಳಿಯ ಅಗಲ 1676. ಬೆಂಗಳೂರು–ಮೈಸೂರು ಮಾರ್ಗ ಹುಟ್ಟಿದ್ದು 1876–78ರ ಭೀಕರ ಕ್ಷಾಮದ ಬೆನ್ನಿಗೇ. ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ, ಮೀಟರ್ ಗೇಜ್ ಹಳಿಯ ಮೇಲೆ. ಹಳಿ ಕಿರಿದಾದರೆ ಸೇತುವೆ, ಏರಿ, ಬೋಗಿ ಎಲ್ಲವೂ ಚಿಕ್ಕವಾಗುತ್ತವೆ, ಖರ್ಚು ಇಳಿಯುತ್ತದೆ. ಆದರೆ ಒಂದು ಅಗಲದ ಗಾಡಿ ಇನ್ನೊಂದರ ಮೇಲೆ ಓಡದು. ಗೇಜು ಬದಲಾಗುವ ನಿಲ್ದಾಣದಲ್ಲಿ ಮೂಟೆ ಇಳಿಸಿ ಮತ್ತೊಂದು ರೈಲಿಗೆ ಏರಿಸುವ ಪಾಡು ನೂರು ವರ್ಷ ನಡೆಯಿತು. ಈ ಲೆಕ್ಕಾಚಾರವನ್ನು ಫಲಕ ಓದಿ ತಿಳಿಯುವುದಕ್ಕೂ ಟೇಪು ಹಿಡಿದು ತಿಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಉಗಿ ಎಂಜಿನ್ ನೋಡುವಾಗ ಮುಂದಿನಿಂದಲ್ಲ, ಪಕ್ಕದಿಂದ ಶುರು ಮಾಡಿ. ದೊಡ್ಡ ಗಾಲಿಗಳನ್ನು ಎಣಿಸಿ. ಮೀಟರ್ ಗೇಜಿನ ವೈಪಿ ಎಂಜಿನ್ನಿಗೆ ಎಳೆಯುವ ಗಾಲಿ ಆರು, ಸರಕು ಎಳೆಯುತ್ತಿದ್ದ ವೈಜಿಗೆ ಎಂಟು. ಎತ್ತರದ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅದು ವೇಗಕ್ಕೆ. ಸಣ್ಣ ಗಾಲಿ, ಹೆಚ್ಚು ಸಂಖ್ಯೆ, ಅದು ಎಳೆತಕ್ಕೆ. ಅಲ್ಲಿಂದ ಸಿಲಿಂಡರ್ ಹುಡುಕಿ: ಪಿಸ್ಟನ್ ಹಿಂದೆ ಮುಂದೆ ಹೋಗುತ್ತದೆ, ಕನೆಕ್ಟಿಂಗ್ ರಾಡ್ ಅದನ್ನು ಗಾಲಿಯ ಸುತ್ತಾಗಿ ಬದಲಿಸುತ್ತದೆ. ಉಗಿಬಂಡಿಯ ಗುಟ್ಟೆಲ್ಲ ಇಷ್ಟೇ. ಎಂಜಿನ್ ಹಿಂದೆ ಟೆಂಡರ್ ಇದೆಯೇ ನೋಡಿ. ಕಲ್ಲಿದ್ದಲು, ನೀರು ಎರಡೂ ಅದರಲ್ಲಿ. ಟೆಂಡರ್ ಇಲ್ಲದ ಪುಟ್ಟ ಎಂಜಿನ್‌ಗಳು ನೀರಿನ ತೊಟ್ಟಿಯನ್ನು ತಮ್ಮ ಮೈಮೇಲೆಯೇ ಹೊತ್ತುಕೊಂಡಿರುತ್ತವೆ.

ಚಾಲಕನ ಜಾಗಕ್ಕೆ ಹತ್ತಲು ಬಿಡುವ ಎಂಜಿನ್ ಸಿಕ್ಕಿದರೆ ಅಲ್ಲಿ ಹತ್ತು ನಿಮಿಷ ನಿಲ್ಲಿ. ಕೆಳಗೆ ಬೆಂಕಿಪೆಟ್ಟಿಗೆಯ ಬಾಗಿಲು. ಕಣ್ಣೆತ್ತರದಲ್ಲಿ ಒತ್ತಡ ತೋರುವ ಗಡಿಯಾರ ಮತ್ತು ನೀರಿನ ಮಟ್ಟ ತೋರುವ ಗಾಜಿನ ಕೊಳವೆ. ಚಾಲಕ ಮುಂದಿನ ದಾರಿಯಷ್ಟೇ ಈ ಗಾಜನ್ನೂ ನೋಡಬೇಕಿತ್ತು. ನೀರು ಇಳಿದು ಬೆಂಕಿಪೆಟ್ಟಿಗೆಯ ಮೇಲ್ಛಾವಣಿ ಬರಿದಾದರೆ ಅದು ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯುವ ಅಪಾಯ. ಅದಕ್ಕೆಂದೇ ಛಾವಣಿಯಲ್ಲಿ ಸೀಸದ ಬಿರಡೆ ಇರುತ್ತಿತ್ತು. ನೀರು ಕಡಿಮೆಯಾದೊಡನೆ ಸೀಸ ಕರಗಿ, ಉಗಿ ಒಳಕ್ಕೆ ನುಗ್ಗಿ, ಸಿಬ್ಬಂದಿಗೆ ಎಚ್ಚರಿಕೆ ಸಿಗುತ್ತಿತ್ತು.

ಮಹಾರಾಣಿಯ ಬೋಗಿ

ಬಿಸಿಲು ಏರಿದ ಮೇಲೆ ಸೂರಿನಡಿಗೆ ಬನ್ನಿ. ಅರಸರ ಬೋಗಿಗಳಿರುವುದು ಶ್ರೀರಂಗ ಮಂಟಪದಲ್ಲಿ. 1899ರ ಮಹಾರಾಣಿ ಸಲೂನಿನಲ್ಲಿ ಅಡುಗೆ ಕೋಣೆ, ಊಟದ ಜಾಗ, ಶೌಚಾಲಯ ಎಲ್ಲವೂ ಇದ್ದವು. ಆಗ ರಾಜ್ಯದ ಆಡಳಿತ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಹುಡುಗ. ಬೋಗಿಯ ಕುಸುರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗಂತೂ ಅಡುಗೆಯ ಭಾಗದ ಮೇಲೆಯೇ ಕಣ್ಣು: ಅಲುಗಾಡುವ ಗಾಡಿಯಲ್ಲಿ ಸಾರು ಕುದಿಸಿದವರ ಹೆಸರು ಯಾವ ಫಲಕದಲ್ಲೂ ಇಲ್ಲ.

ಆಸ್ಟಿನ್ ಕಾರನ್ನು ಮರೆಯಬೇಡಿ. ರಸ್ತೆಗೆಂದು ತಯಾರಾದ ಕಾರಿಗೆ ರೈಲಿನ ಗಾಲಿ ಜೋಡಿಸಿದ್ದಾರೆ. ‘ಇದಕ್ಕೆ ಸ್ಟಿಯರಿಂಗ್ ಬೇಕೇ?’ ಎಂದು ಮಕ್ಕಳನ್ನು ಕೇಳಿ ಸುಮ್ಮನಿರಿ. ಚಾಮುಂಡಿ ಗ್ಯಾಲರಿಯಲ್ಲಿರುವ ಚಿತ್ರಗಳಿಗೆ ಸ್ವಲ್ಪ ಸಮಯ ಕೊಟ್ಟರೆ ಸಾಕು.

ಸಿಗ್ನಲ್‌ಗಳ ಬಳಿ ಮಾತ್ರ ನಿಧಾನಿಸಿ. ಕೈಮರದ ತೋಳು ನೆಟ್ಟಗೆ ಅಡ್ಡಲಾಗಿದ್ದರೆ ನಿಲ್ಲು, ಕೆಳಕ್ಕೆ ಬಾಗಿದ್ದರೆ ಹೊರಡು. ತೋಳನ್ನು ಬಾಗಿಸುವುದು ದೂರದಿಂದ ಎಳೆದ ತಂತಿ. ತಂತಿ ಹರಿದರೆ? ತೋಳು ಬಿದ್ದು ‘ಹೊರಡು’ ಎಂದುಬಿಡುತ್ತದೆ ಎಂದು ಹೆಚ್ಚಿನವರು ಊಹಿಸುತ್ತಾರೆ. ಆದರೆ ಇನ್ನೊಂದು ತುದಿಯ ಭಾರ ಅದನ್ನು ಮತ್ತೆ ಅಡ್ಡಕ್ಕೆ ತರುತ್ತದೆ. ಏನೇ ಕೆಟ್ಟರೂ ರೈಲು ನಿಲ್ಲಬೇಕು, ಹೋಗಬಾರದು ಎಂಬ ಲೆಕ್ಕ.

ಊಟ, ವಾಪಸು

ಬುತ್ತಿಗೆ ಪುಳಿಯೋಗರೆ, ಮೊಸರನ್ನ ಸಾಕು. ಊಟಕ್ಕೆ ಎಲ್ಲಿ ಕೂರಬಹುದೆಂದು ಟಿಕೆಟ್ ಕೌಂಟರಿನಲ್ಲೇ ಕೇಳಿಕೊಳ್ಳಿ. ಊಟವಾದ ಮೇಲೆ ಮಕ್ಕಳು ತಮಗೆ ಇಷ್ಟವಾದ ಒಂದೇ ಒಂದು ವಸ್ತುವಿನ ಚಿತ್ರ ಬಿಡಿಸಲಿ. ಗಾಲಿ ಎಷ್ಟಿತ್ತೆಂದು ನೆನಪಾಗದೆ ಮತ್ತೆ ಎದ್ದು ಹೋಗಿ ನೋಡಿಕೊಂಡು ಬರುತ್ತಾರೆ. ಆ ಎರಡನೆಯ ನೋಟಕ್ಕಾಗಿಯೇ ಈ ಉಪಾಯ. ಹೊರಗೆ ಬಂದಾಗ ರಸ್ತೆಯಾಚೆ ಚೆಲುವಾಂಬ ಮ್ಯಾನ್ಷನ್ ಕಡೆಗೊಮ್ಮೆ ಕಣ್ಣು ಹಾಯಿಸಿ, ಸಿ.ಎಫ್.ಟಿ.ಆರ್.ಐ. ಇರುವುದು ಆ ಹಳೆಯ ಅರಮನೆಯಲ್ಲಿ.

ಸಂಜೆಯ ರೈಲುಗಳಲ್ಲಿ ಕೆಲಸ ಮುಗಿಸಿ ಊರಿಗೆ ಮರಳುವವರ ನೂಕುನುಗ್ಗಲು ಇರುತ್ತದೆ. ಹಿರಿಯರು ಜೊತೆಗಿದ್ದರೆ ನಾಲ್ಕು ಗಂಟೆಗೆಲ್ಲ ನಿಲ್ದಾಣಕ್ಕೆ ಬಂದುಬಿಡಿ. ಮೈಸೂರಿನಿಂದಲೇ ಹೊರಡುವ ರೈಲನ್ನು ಆರಿಸಿಕೊಂಡರೆ ಸೀಟು ಸಿಗುವ ಸಾಧ್ಯತೆ ಹೆಚ್ಚು.